ನಂಬರ್ ಇಲ್ದ ಪಾರ್ಸಲ್ ಕಳಿಸಬ್ಯಾಡ್ರಿ

ಕೇಳುಗರೆಲ್ಲರಿಗಿ ನಮಸ್ಕಾರ್ರೀ. ಮನ್ಯಾಗ ಕೂತು ಫೋನಿನ ಮ್ಯಾಲ ವ್ಯಾಪಾರ ಮಾಡೋ ಅಕ್ಕೋರೆ, ತಂಗ್ಯಾರೆ, ಕಾಲೇಜ್ ಮುಗಿಸಿ ಇನ್‌ಸ್ಟಾಗ್ರಾಮಿನ್ಯಾಗ ಅಂಗಡಿ ತಗದ ತಮ್ಮಂದಿರೆ, ಇವತ್ತಿನ ಮಾತು ನಿಮ್ಮ ಸಲುವಾಗೇ ಅದ. ಉಳದವರೂ ಕೇಳ್ರಿ, ನಿಮ್ಮ ಮನ್ಯಾಗೂ ಯಾರರ ಒಬ್ಬರು ಏನರ ಮಾರ್ತಿರ್ತಾರ.

ನಾ ಅಂಚೆ ಕೌಂಟರಿನ ಹಿಂದ ಕೂತು ನೌಕರಿ ಮಾಡಿ ರಿಟೈರ್ ಆದಾಕಿ. ಈಗ ಸ್ವಸಹಾಯ ಸಂಘದ ಹೆಣ್ಮಕ್ಕಳಿಗಿ ಪಾರ್ಸಲ್ ಹ್ಯಾಂಗ ಕಟ್ಟಬೇಕು, ಹ್ಯಾಂಗ ಕಳಿಸಬೇಕು ಅಂತ ಹೇಳಿಕೊಡ್ತೀನಿ. ಆಕಾಶವಾಣಿಯವರು ಹತ್ತು ನಿಮಿಷ ಕೊಟ್ಟಾರ, ಈ ಹತ್ತು ನಿಮಿಷದಾಗ ನಾ ಹೇಳೋದು ಒಂದೇ ಮಾತು. ಟ್ರ್ಯಾಕಿಂಗ್ ನಂಬರ್ ಇಲ್ದ ಒಂದು ಪಾರ್ಸಲ್ಲೂ ನಿಮ್ಮ ಮನಿ ಹೊಸ್ತಿಲ ದಾಟಬಾರ್ದು.

ಈಗ ನಮ್ಮ ಭಾಗದ ಸಾಮಾನು ದೂರದೂರ ಹೊಂಟದ. ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಭಾಗದ್ದೇ ಸಾಮಾನು ಅನ್ನೋ ಸರ್ಕಾರದ ಗುರುತು, ಸಿಕ್ಕದ, ಹೆಸರು ಕೇಳಿ ಬೆಂಗಳೂರಿನಿಂದ ಪುಣೆಯಿಂದ ಆರ್ಡರ್ ಹಾಕ್ತಾರ. ಕಟಕ ರೊಟ್ಟಿ ಹೋಗ್ತದ, ಶೇಂಗಾ ಹಿಂಡಿ ಹೋಗ್ತದ, ಯಾದಗಿರಿ ತಾಂಡಾದಾಗ ಹಾಕಿದ ಲಂಬಾಣಿ ಕಸೂತಿ ಹೋಗ್ತದ, ಬೀದರಿನ ಬಿದರಿ ಸಾಮಾನಂತೂ ಕೇಳೋದೇ ಬ್ಯಾಡ. ಭಾಳ ಛಲೋ ಆತು. ಆದ್ರ ಕಲಬುರಗಿ ಸುಪರ್ ಮಾರ್ಕೆಟ್ ಬಜಾರಿನ್ಯಾಗ ನೀವು ಗಿರಾಕಿ ಕೈಯಾಗ ಸಾಮಾನು ಕೊಟ್ಟು ರೊಕ್ಕ ತಗೊಂಡ್ರ ಅಲ್ಲಿಗೆ ಮುಗೀತು, ಕೊಟ್ಟಿದ್ದು ಆತನೂ ನೋಡ್ಯಾನ ನೀವೂ ನೋಡೀರಿ, ನಾಕು ಮಂದಿನೂ ನೋಡ್ಯಾರ. ಆನ್‌ಲೈನಿನ್ಯಾಗ ಯಾರೂ ನೋಡಿಲ್ಲ. ಆತ "ಬಂದಿಲ್ಲ" ಅಂದ, ನೀವು "ಕಳಿಸೀನಿ" ಅಂದ್ರಿ, ಈಗ ಯಾರದು ಖರೇ? ನಿಮ್ಮ ಕಡಿ ನಂಬರ್ ಇಲ್ಲಂದ್ರ ನಿಮ್ಮದು ಸುಳ್ಳ ಅಂತಾನೇ ಲೆಕ್ಕ. ಇದನ್ನ ಮನಸಿನ್ಯಾಗ ಇಟ್ಕೊಳ್ರಿ.

ವಯಸ್ಸಾದವರಿಗಿ ಒಂದು ನೆನಪು ಇರಬಹುದು, ಹಿಂದಕ ಪೋಸ್ಟ್ ಆಫೀಸಿನ್ಯಾಗ ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್ ಅಂತ ಒಂದು ಇತ್ತು, ಕಾಗದದ ಮ್ಯಾಲ ವಿಳಾಸ ಬರದು ಠಸ್ಸಿ ಹೊಡಿಸ್ಕೊಂಡು ಬರೋದು. ನೀವು ಟಪಾಲಿಗಿ ಹಾಕೀರಿ ಅನ್ನೋದಕ್ಕ ಅದು ಸಾಕ್ಷಿ, ಅಷ್ಟೇ, ಅಲ್ಲಿ ಮುಟ್ಟಿತೋ ಇಲ್ಲೋ ಅದು ಹೇಳ್ತಿರಲಿಲ್ಲ. 2011ರಾಗ ಅದನ್ನ ಬಂದ್ ಮಾಡಿದ್ರು. ಇವತ್ತಿಗೂ ಕೆಲವರು ಬಂದು "ಮೇಡಂ, ಸ್ಟ್ಯಾಂಪ್ ಹಚ್ಚಿ ಹಾಕೀನಿ, ನನ್ನ ಕಡಿ ಫೋಟೋ ಅದ" ಅಂತಾರ. ಡಬ್ಬಿದು ಫೋಟೋ ಇದ್ರ ಡಬ್ಬಿ ಇತ್ತು ಅಂತ ಆತು, ಮುಟ್ಟಿತು ಅಂತ ಹ್ಯಾಂಗ ಆಗ್ತದ್ರೀ? ಇನ್ನ ಕೆಲವರು ಹೈದರಾಬಾದ್ ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟು ಕಳಸ್ತಾರ, ಪಾಪ ಆತ ಪ್ರಾಮಾಣಿಕನೇ ಇರ್ತಾನ, ಆದ್ರ ನಾಳಿ ಆತ ಯಾವ ರೂಟಿನ ಮ್ಯಾಲ ಇರ್ತಾನೋ ಯಾರಿಗಿ ಗೊತ್ತು, ಸಾಕ್ಷಿ ಕೇಳಲಿಕ್ಕ ಆತನ್ನ ಎಲ್ಲಿ ಹುಡುಕ್ತೀರಿ.

ಆ ನಂಬರ್ ಅಂದ್ರ ಏನಂತ ಹೇಳ್ತೀನಿ. ಸ್ಪೀಡ್ ಪೋಸ್ಟ್ ನಮ್ಮ ದೇಶದಾಗ ಶುರು ಆಗಿದ್ದು 1986ರ ಆಗಸ್ಟ್ 1ಕ್ಕ. 2025ರಾಗ ರಿಜಿಸ್ಟರ್ಡ್ ಪೋಸ್ಟನ್ನೂ ಅದರೊಳಗೇ ಸೇರಿಸ್ಯಾರ, ಹಿಂಗಾಗಿ ಈಗ ಕೌಂಟರಿಗಿ ಹೋಗಿ ಸ್ಪೀಡ್ ಪೋಸ್ಟ್ ಅನ್ರಿ ಸಾಕು. ಡಬ್ಬಿ ಮ್ಯಾಲ ಬಾರ್‌ಕೋಡ್ ಹಚ್ತಾರ, ನಿಮಗ ಒಂದು ಚೀಟಿ ಕೊಡ್ತಾರ. ಚೀಟಿ ಮ್ಯಾಲ 13 ಅಕ್ಷರದ ನಂಬರ್ ಇರ್ತದ, ಮುಂದ ಎರಡು ಇಂಗ್ಲಿಷ್ ಅಕ್ಷರ, ನಡುವ 9 ಅಂಕಿ, ಕೊನಿಗಿ ಐ ಎನ್. ಈ ಪದ್ಧತಿ ನಮ್ಮದಷ್ಟೇ ಅಲ್ಲ, ದೇಶದೇಶಗಳ ಅಂಚೆ ಇಲಾಖೆಯವರು ಕೂಡಿ ಮಾಡ್ಕೊಂಡಿದ್ದು. ಆ ನಂಬರ್ ಇಂಡಿಯಾ ಪೋಸ್ಟ್ ವೆಬ್‌ಸೈಟಿನ್ಯಾಗ ಹಾಕಿದ್ರ ಪಾರ್ಸಲ್ ಎಲ್ಲಿ ಬುಕ್ ಆತು, ಯಾವ ಊರಿಗಿ ಹೋತು, ಯಾವತ್ತು ಎಷ್ಟು ಗಂಟೆಕ್ಕ ಡೆಲಿವರಿ ಆತು, ಎಲ್ಲಾ ಕಾಣ್ತದ. ಬರೆಸಿದ್ದು ನೀವಲ್ಲ, ಗಿರಾಕಿನೂ ಅಲ್ಲ, ನಡುವಿನವರು ಬರೆಸಿದ್ದು. ಅದಕ್ಕೇ ಅದಕ್ಕ ಬೆಲಿ. ಕೊರಿಯರಿನವರ ನಂಬರೂ ನಡೀತದ, ಆದ್ರ ಚೀಟಿ ಬೇಕು ನಂಬರ್ ಬೇಕು, "ಹೋಗ್ತದ ಬಿಡ್ರಿ ಅಕ್ಕಾ" ಅನ್ನೋ ಬಾಯಿಮಾತು ಬ್ಯಾಡ.

ಈಗ ಬೀದರಿನ ಒಬ್ಬ ತಂಗಿದು ಹೇಳ್ತೀನಿ, ಇದು ಹೇಳ್ಲಿಕ್ಕೇ ನಾ ಇವತ್ತು ಬಂದೀನಿ ಅಂದ್ರೂ ಆತು. ಗಂಡ ಬಿದರಿ ಕೆಲಸ ಮಾಡ್ತಾನ, ಈಕಿ ಫೋಟೋ ತಗದು ವಾಟ್ಸಾಪಿನ್ಯಾಗ ಹಾಕಿ ಮಾರ್ತಾಳ. ಬಿದರಿ ಕೆಲಸ ಅಂದ್ರ ನಿಮಗ ಗೊತ್ತದ, ಸತುವಿಗಿ ತಾಮ್ರ ಕೂಡಿಸಿ ಎರಕ ಹೊಯ್ಯಬೇಕು, ಉಳಿಯಿಂದ ಕೊರದು ಬೆಳ್ಳಿ ತಂತಿ ಕೂಡಿಸಬೇಕು, ಕಡೀಕ ಬೀದರ್ ಕೋಟೆಯ ಮಣ್ಣು ಹಚ್ಚಿ ಕರ್ರಗ ಮಾಡಬೇಕು. ಒಂದು ಹೂದಾನಿ ಮುಗೀಬೇಕಂದ್ರ ಆತನ ಬೆನ್ನು ಬೀಳ್ತದ. ಮೊದಲಮೊದಲ ಈಕಿ ಝುಮಕಿ ಜೋಡು ಕವರಿನ್ಯಾಗ ಹಾಕಿ ಸ್ಟ್ಯಾಂಪ್ ಹಚ್ಚಿ ಕಳಸ್ತಿದ್ಳು. ಯಾಕಂದ್ರ ರೊಕ್ಕ ಉಳೀತದ ಅಂತ. ಬೆಂಗಳೂರಿನ ಗಿರಾಕಿ ಒಬ್ರು "ಬಂದಿಲ್ಲ" ಅಂದ್ರು, ಈಕಿ ಹೆದರಿ ಫೋನ್‌ಪೇ ಮಾಡಿ ರೊಕ್ಕ ವಾಪಸ್ ಹಾಕಿದ್ಳು. ಮುಂದ ಅವರ ಗೆಳತಿನೂ ತಗೊಂಡ್ಳು, ಆಕಿದೂ "ಬಂದಿಲ್ಲ". ಮತ್ತ ರೊಕ್ಕ ವಾಪಸ್. ಝುಮಕಿನೂ ಹೋತು, ರೊಕ್ಕಾನೂ ಹೋತು, ಸ್ಟ್ಯಾಂಪಿಂದೂ ಹೋತು. ನನ್ನ ಮುಂದ ಅಳ್ಕೋತ ಕೂತಾಗ ನಾ ಸಮಾಧಾನ ಮಾಡೋದು ಬಿಟ್ಟು ಮೊದಲ ಕೇಳಿದ್ದೇ, "ನಂಬರ್ ಎಲ್ಲದ ತಂಗಿ?"

ಅಲ್ಲಿಂದ ಆಕಿ ಸ್ಪೀಡ್ ಪೋಸ್ಟ್ ಹಿಡಿದ್ಳು. ಖರ್ಚು ಸಾಮಾನಿನ ರೇಟಿನ್ಯಾಗೇ ಸೇರಿಸಿದ್ಳು, ಒಬ್ಬ ಗಿರಾಕಿನೂ ಅದಕ್ಕ ಬಿಟ್ಟು ಹೋಗಲಿಲ್ಲ. ಆಮ್ಯಾಲ ಪುಣೆಯಿಂದ ಒಬ್ಬ ಮನುಷ್ಯ ದೊಡ್ಡ ಹೂದಾನಿ ತರಿಸಿದ. ಮೊದಲೇ ರೊಕ್ಕ ಹಾಕಿದ, ಮಾತಿನ್ಯಾಗ ಭಾಳ ನಯ, ದೀದೀ ದೀದೀ ಅಂತಿದ್ದ. ಈಕಿ ಕಟ್ಟಿ ಕಳಿಸಿದ್ಳು. ವಾರ ಕಳೀತು, ರಾತ್ರಿ ಹೊತ್ತಿನ್ಯಾಗ ಹಿಂದಿಯಾಗ ಮೆಸೇಜ್ ಬಂತು, ಪಾರ್ಸಲ್ ಬಂದೇ ಇಲ್ಲ, ರೊಕ್ಕ ವಾಪಸ್ ಹಾಕ್ರಿ, ಇಲ್ಲಾಂದ್ರ ಎಲ್ಲಾ ಗ್ರೂಪಿನ್ಯಾಗ ನಿಮ್ಮ ಹೆಸರು ಹಾಕಿ ಮೋಸಗಾರ್ರು ಅಂತ ಬರೀತೀನಿ ಅಂತ. ಈಕಿ ನನಗ ಫೋನ್ ಮಾಡಿದ್ಳು, ದನಿ ನಡಗ್ತಿತ್ತು. ನಾ ಹೇಳಿದ್ದು ಇಷ್ಟೇ, ಬೈಬ್ಯಾಡ, ಅಳಬ್ಯಾಡ, ಉದ್ದುದ್ದ ಬರಿಬ್ಯಾಡ, ನಂಬರ್ ಹಾಕಿ ನೋಡು, ಏನು ಬರ್ತದ ಅದನ್ನ ಸ್ಕ್ರೀನ್‌ಶಾಟ್ ತಗದು ಕಳಿಸು. ಆಕಿ ನೋಡಿದ್ಳು. ಡೆಲಿವರಿ ಆಗ್ಯದ! ತಾರೀಕು ಅದ, ಟೈಮ್ ಅದ, ಅವರ ಏರಿಯಾದ ಪೋಸ್ಟ್ ಆಫೀಸಿನ ಹೆಸರು ಅದ. ಕಳಿಸಿದ್ಳು. ಎರಡು ಬ್ಲೂ ಟಿಕ್ ಬಿದ್ವು, ಆ ಕಡಿಂದ ಮಾತಿಲ್ಲ.

ಮರುದಿನ ಅವರ ಮಾತು ಬದಲಾತು ನೋಡ್ರಿ. "ಡಬ್ಬಿ ಬಂದದ, ಒಳಗ ಏನೂ ಇದ್ದಿಲ್ಲ, ಬರೀ ಪೇಪರ್ ತುಂಬೀರಿ" ಅಂದ. ಇಂಥ ಮಂದಿ ಭಾಳ ಕಡಿ ಹಿಂಗೇ ಮಾಡ್ತಾರ, ಒಂದು ಬಾಗಲ ಮುಚ್ಚಿದ್ರ ಇನ್ನೊಂದು ತಟ್ತಾರ. ಈಗ ಕೇಳ್ರಿ, ಇದು ಭಾಳ ಮಂದಿಗಿ ಗೊತ್ತೇ ಇಲ್ಲ. ಸ್ಪೀಡ್ ಪೋಸ್ಟ್ ಚೀಟಿ ಮ್ಯಾಲ ನಂಬರ್ ಅಷ್ಟೇ ಅಲ್ಲ, ತೂಕನೂ ಇರ್ತದ, ಗ್ರಾಂ ಲೆಕ್ಕದಾಗ. ಕೌಂಟರಿನವರು ತಕ್ಕಡಿ ಮ್ಯಾಲ ಇಟ್ಟು ಬರೆಸಿದ ತೂಕ ಅದು, ನೀವು ಹೇಳಿದ್ದಲ್ಲ. ಈಕಿ ಚೀಟಿ ಫೋಟೋ ಕಳಿಸಿದ್ಳು, ತೂಕದ ಮ್ಯಾಲ ಕೆಂಪು ಗೆರಿ ಎಳದು. ಅದರ ಕೆಳಗ ಖಾಲಿ ಡಬ್ಬಿ, ಪೇಪರ್, ಟೇಪ್ ಎಲ್ಲಾ ಕೂಡಿಸಿ ಮನಿ ತಕ್ಕಡಿ ಮ್ಯಾಲ ಇಟ್ಟ ಫೋಟೋ. ಒಂದು ಕಿಲೋ ಮ್ಯಾಲ ಫರಕ ಇತ್ತು. ಬರದಿದ್ದು ಒಂದೇ ಸಾಲು, "ಭಾಯಿಸಾಬ್, ಪೇಪರ್ ಇಷ್ಟು ಭಾರ ಇರ್ತದೇನ್ರಿ?" ಅಂತ. ಪ್ಯಾಕ್ ಮಾಡೋ ಹೊತ್ತಿನ್ಯಾಗ ಮಗ ತಗದ ವಿಡಿಯೋನೂ ಇತ್ತು, ಹೂದಾನಿ ಒಳಗ ಇಟ್ಟಿದ್ದು, ಟೇಪ್ ಹಚ್ಚಿದ್ದು, ವಿಳಾಸ ಕಾಣಿಸಿದ್ದು, ನಡುವ ಎಲ್ಲೂ ಕಟ್ ಇಲ್ಲ. ಅದನ್ನೂ ಕಳಿಸಿದ್ಳು.

ಸಂಜಿಗಿ ಆತ ಹೇಳಿದ್ದು, "ಮನ್ಯಾಗ ನನ್ನ ಹೆಂಡ್ತಿ ತಗದು ಒಳಗ ಇಟ್ಟಿದ್ಳಂತ, ನನಗ ಗೊತ್ತಿದ್ದಿಲ್ಲ" ಅಂತ. ಅಷ್ಟೇ. ತಪ್ಪಾತು ಅನ್ನೋ ಒಂದು ಮಾತಿಲ್ಲ, ರೊಕ್ಕದ ಸುದ್ದಿ ಮತ್ತ ತಗಿಲಿಲ್ಲ. ಗ್ರೂಪಿನ್ಯಾಗೂ ಏನೂ ಬರಿಲಿಲ್ಲ. ನನಗ ಇವತ್ತಿಗೂ ಆ ತಂಗಿ ಬಗ್ಗೆ ಹೆಮ್ಮಿ ಅದ. ಓದಿದ್ದು ಏಳನೇ ಇಯತ್ತೆ, ಒಂದು ಕೆಟ್ಟ ಮಾತು ಆಡ್ಲಿಲ್ಲ, ಕಾಗದ ಮುಂದಿಟ್ಟು ಗೆದ್ಲು. ಆಕಿ ಗಂಡನ ದುಡಿಮಿ ಉಳೀತು.

ಹಿಂಗಾಗಿ ಮತ್ತ ಹೇಳ್ತೀನಿ, ನಂಬರ್ ಇಲ್ದ ಪಾರ್ಸಲ್ ಕಳಿಸಬ್ಯಾಡ್ರಿ. ಮತ್ತ ಆ ನಂಬರ್ ಜಗಳ ಬಂದಾಗ ತಗಿಬ್ಯಾಡ್ರಿ, ಬುಕ್ ಮಾಡಿದ ದಿನಾನೇ, ಕೌಂಟರ್ ಮುಂದ ನಿಂತೇ ಗಿರಾಕಿಗಿ ಕಳಿಸಿಬಿಡ್ರಿ, ಚೀಟಿ ಫೋಟೋ ಸಮೇತ. ಪ್ರಾಮಾಣಿಕ ಗಿರಾಕಿಗಿ ಖುಷಿ ಆಗ್ತದ, ದಾರಿ ಕಾಯ್ಕೋತ ನೋಡ್ತಾನ. ಮೋಸ ಮಾಡೋ ಮನಸಿದ್ದವನು ಫೋಟೋ ನೋಡಿದ ಕೂಡ್ಲೇ ತಿಳ್ಕೋತಾನ, ಈಕಿ ಕಡಿ ಎಲ್ಲಾ ಅದ ಅಂತ, ಬಾಯೇ ತಗಿಯಂಗಿಲ್ಲ. ಡೆಲಿವರಿ ಅಂತ ತೋರಿಸಿದ ದಿನ ಅದರ ಸ್ಕ್ರೀನ್‌ಶಾಟ್ ತಗದು ಇಟ್ಕೊಳ್ರಿ. ಚೀಟಿ ಮ್ಯಾಲಿನ ಮಸಿ ಸ್ವಲ್ಪ ದಿನಕ್ಕ ಹಾರಿ ಹೋಗ್ತದ, ಹಂಗಾಗಿ ಫೋಟೋ ಬೇಕೇ ಬೇಕು.

ಇನ್ನೊಂದು ಆಟ ಅದ. ಆರ್ಡರ್ ಹಾಕಿದ ಮ್ಯಾಲ "ಮೇಡಂ, ನಾ ಊರಾಗಿಲ್ಲ, ನನ್ನ ಗೆಳೆಯನ ಅಡ್ರೆಸ್ಸಿಗಿ ಕಳಿಸ್ರಿ" ಅಂತ ಫೋನಿನ್ಯಾಗ ಹೇಳ್ತಾರ, ಆಮ್ಯಾಲ "ನನ್ನ ಅಡ್ರೆಸ್ಸಿಗಿ ಬಂದೇ ಇಲ್ಲ" ಅಂತಾರ, ಆಗ ನಿಮ್ಮ ನಂಬರಿಗೂ ಬೆಲಿ ಹೋಗ್ತದ. ವಿಳಾಸ ಬದಲಾದ್ರ ಬರದೇ ಕೊಡ್ರಿ ಅನ್ರಿ, ಪಿನ್ ಕೋಡ್ ಸಮೇತ, ಮೆಸೇಜ್ ಮಾಡಲಿ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡಿ ಪಿನ್ ಕೋಡ್ 585ರಿಂದ ಶುರು ಆಗ್ತಾವ, 585 ಆದ ಮ್ಯಾಲಿನ ಮೂರು ಅಂಕಿ ತಪ್ಪಿದ್ರೂ ಪಾರ್ಸಲ್ ಬ್ಯಾರೆ ಊರು ತಿರಗ್ತದ. ಬ್ಯಾರೆ ಕಡಿದೂ ಹಂಗೇ. ಪಿನ್ ಕೋಡ್ ಎರಡು ಸಲ ಓದ್ರಿ.

ಅಕ್ಕಡಿಂದ ಆಕಾಶವಾಣಿಯವರು ಕೈ ಮಾಡ್ಲಿಕ್ಕತ್ಯಾರ, ಟೈಮ್ ಆಗ್ಲಿಕ್ಕತ್ತದ, ಉಳದದ್ದು ಜಲ್ದಿ ಹೇಳ್ತೀನಿ. ಬುಕ್ ಮಾಡುವಾಗ ನಿಮ್ಮ ಮೊಬೈಲ್ ನಂಬರೂ ಗಿರಾಕಿದೂ ಎರಡೂ ಬರೀರಿ, ಎಸ್ಸೆಮ್ಮೆಸ್ ಬರ್ತದ. ಬೆಲಿ ಇದ್ದ ಸಾಮಾನು ಇದ್ರ ಒಟಿಪಿ ಡೆಲಿವರಿ ಕೇಳ್ರಿ, 2025ರಿಂದ ಅದ, 5 ರೂಪಾಯಿ ಮ್ಯಾಲ ಜಿಎಸ್ಟಿ ಅಷ್ಟೇ, ಗಿರಾಕಿ ತನ್ನ ಫೋನಿಗಿ ಬಂದ ಒಟಿಪಿ ಹೇಳಿದ್ರೇ ಪೋಸ್ಟ್‌ಮ್ಯಾನ್ ಕೊಡ್ತಾರ, ಆಮ್ಯಾಲ "ಬಂದಿಲ್ಲ" ಅನ್ಲಿಕ್ಕ ಬಾಯೇ ಇರಂಗಿಲ್ಲ. 5 ರೂಪಾಯಿಗಿ ಯಾಕ ಹಿಂದ ಮುಂದ ನೋಡ್ತೀರ್ರೀ, ಒಂದು ಚಾಕ್ಕೂ ಅದಕ್ಕಿಂತ ಹೆಚ್ಚು ಕೊಡ್ತೀರಿ. ಬೆಳ್ಳಿ ಬಿದರಿ ಅಂಥಾದ್ದು ಇದ್ರ ಇನ್ಶೂರ್ ಮಾಡ್ಸ್ರಿ, ಯಾಕಂದ್ರ ಇನ್ಶೂರ್ ಇಲ್ದ ಸ್ಪೀಡ್ ಪೋಸ್ಟ್ ಕಳದ್ರ ಸಿಗೋದು ಪೋಸ್ಟ್ ಖರ್ಚಿನ ಎರಡು ಪಟ್ಟು ಅಥವಾ 1000 ರೂಪಾಯಿ, ಯಾವುದು ಕಮ್ಮಿನೋ ಅದು. ರೊಕ್ಕ ಹಾಕೀವಿ ಅಂತ ಸ್ಕ್ರೀನ್‌ಶಾಟ್ ಕಳಿಸಿದ್ರ ನಂಬಬ್ಯಾಡ್ರಿ, ನಿಮ್ಮ ಬ್ಯಾಂಕಿನ ಖಾತೆ ನೋಡಿ ಆಮ್ಯಾಲ ಪ್ಯಾಕ್ ಮಾಡ್ರಿ. ಕ್ಯಾಶ್ ಆನ್ ಡೆಲಿವರಿ ಹೊಸ ಗಿರಾಕಿಗಿ ಬ್ಯಾಡ, ಬಾಗಲಾಗ ನಿಂತು ಬ್ಯಾಡ ಅಂದ್ರ ಹೋಗೋ ಖರ್ಚು ಬರೋ ಖರ್ಚು ಎರಡೂ ನಿಮ್ಮ ತಲಿ ಮ್ಯಾಲ.

ಪಾರ್ಸಲ್ ನಡುವ ಎಲ್ಲರ ನಿಂತದ, ಮುಂದ ಹೋಗವಲ್ದು ಅಂದ್ರ ಇಂಡಿಯಾ ಪೋಸ್ಟಿನವರ ಪುಕ್ಕಟೆ ಫೋನ್ ಅದ, ಬರ್ಕೊಳ್ರಿ, 1800 266 6868. ಅಲ್ಲಿ ಅವರು ನಿಮಗ ಕೇಳೋ ಮೊದಲನೇ ಮಾತು ಅದೇ 13 ಅಕ್ಷರದ ನಂಬರ್, ಚೀಟಿ ಕೈಯಾಗ ಹಿಡ್ಕೊಂಡೇ ಫೋನ್ ಹಚ್ರಿ. ನಮಸ್ಕಾರ್ರೀ.