ಹಪ್ಪಳದಂಗಡಿಗೆ ಹೊಸ ಗುರುತು: ಸೀಲಿನಿಂದ ಶುರುವಾದ ಕೆಲಸ | ಮಂಗಳೂರು ವ್ಲಾಗ್

ನಮಸ್ಕಾರ. ಈಗ ನೀವು ನೋಡ್ತಾ ಇರುವುದು ಮಂಗಳೂರಿನ ರಥಬೀದಿಯ ಹಿಂದಿನ ಒಂದು ಓಣಿ. ಎಡಗಡೆ ಹೆಂಚಿನ ಮಾಡು, ಎದುರು ಬಾಳೆಕಾಯಿ ಚಿಪ್ಸಿನ ಡಬ್ಬ ಕಾಣ್ತದಲ್ಲ, ಅದೇ ಅಂಗಡಿ. ಹಲಸಿನ ಹಪ್ಪಳ, ಸಂಡಿಗೆ, ಕೋರಿರೊಟ್ಟಿ, ಮಾಂಬಳ, ಪುನರ್ಪುಳಿ ಸಿಪ್ಪೆ, ಮಿಡಿ ಉಪ್ಪಿನಕಾಯಿ ಎಲ್ಲ ಇಲ್ಲಿ ಸಿಗ್ತದೆ. ನಡೆಸುವವರು ಒಬ್ಬರು ಅಕ್ಕ, ಅವರ ಅತ್ತೆಯ ಕಾಲದಿಂದ ಬಂದ ವ್ಯಾಪಾರ. ವಿಡಿಯೋ ಮಾಡಲಿಕ್ಕೆ ಖುಷಿಯಿಂದ ಒಪ್ಪಿದ್ದಾರೆ, ಹೆಸರು ಮಾತ್ರ ಹಾಕುವುದು ಬೇಡ ಅಂದಿದ್ದಾರೆ. ಅದಕ್ಕೆ ಬೋರ್ಡಿನ ಅರ್ಧ ಭಾಗ ಮಸುಕು ಮಾಡಿದ್ದೇನೆ.

ಅವರ ಮಗ ಫೋನ್ ಮಾಡಿದ್ದು "ನಮಗೊಂದು ಲೋಗೋ ಬೇಕಿತ್ತು" ಅಂತ. ನಾನು ಲ್ಯಾಪ್‌ಟಾಪ್ ತೆಗೆಯುವ ಮೊದಲು ಕೇಳುವುದು ಬೇರೆಯೇ. ಬಿಲ್ ಪುಸ್ತಕ ಕೊಡಿ, ಸೀಲ್ ಕೊಡಿ, ಗಿರಾಕಿಗೆ ಸಾಮಾನು ಎಂತದರಲ್ಲಿ ಕಟ್ಟಿ ಕೊಡ್ತೀರಿ ತೋರಿಸಿ. ಸಣ್ಣ ಅಂಗಡಿಯ ಹೆಸರು ಊರು ಸುತ್ತುವುದು ಇವುಗಳ ಮೇಲೆಯೇ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಆದ ಮೇಲೆ ಇವರಲ್ಲಿ ತೊಟ್ಟೆ ಹೋಗಿ ಕಂದು ಕಾಗದದ ಚೀಲ ಬಂತು. ಹೆಸರು ಅಚ್ಚಾದ ಚೀಲ ಬೇಕಾದರೆ ಸಾವಿರಗಟ್ಟಲೆ ಒಟ್ಟಿಗೇ ಮಾಡಿಸಬೇಕು. ಜೂನ್ ಬಂತೆಂದರೆ ಅಟ್ಟದಲ್ಲಿಟ್ಟ ಕಾಗದವೆಲ್ಲ ತೇವ ಹಿಡಿದು ಮೆತ್ತಗಾಗ್ತದೆ. ಹಾಗಾಗಿ ಅಕ್ಕ ಬೇಕಾದಷ್ಟೇ ಖಾಲಿ ಚೀಲ ತಂದು, ಒಂದೊಂದಕ್ಕೂ ತಾವೇ ಸೀಲ್ ಒತ್ತುತ್ತಾರೆ.

ಆ ಸೀಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮರದ ಹಿಡಿ, ಹಿಡಿದು ಹಿಡಿದು ಕಪ್ಪಾಗಿದೆ. ರಬ್ಬರಿನ ಅಂಚು ಸವೆದಿದೆ. ಹೆಸರಿನ ಮೊದಲಿಗೆ ಒಂದು 'ಶ್ರೀ' ಉಂಟು. ಅದರ ಕೆಳಗಿನ ಸುಳಿಯಲ್ಲಿ ಶಾಯಿ ತುಂಬಿ ತುಂಬಿ ಈಗ ಅದು ಬರೀ ಒಂದು ಚುಕ್ಕೆ. ಅಕ್ಕ ಒತ್ತುವ ಮೊದಲು ಸೀಲನ್ನು ಬಾಯಿ ಹತ್ತಿರ ತಂದು 'ಹಾ' ಅಂತ ಬಿಸಿ ಉಸಿರು ಬಿಡ್ತಾರೆ. "ಪ್ಯಾಡ್ ಒಣಗಿದ್ದರೆ ಹೀಗೆ ಮಾಡ್ಬೇಕು ಮಗಾ, ಆಗ ಚಂದ ಕೂರ್ತದೆ" ಅಂದರು.

ನನಗೆ ದಾರಿ ಸಿಕ್ಕಿದ್ದು ಅಲ್ಲೇ. ನಾಲ್ಕು ಸೆಂಟಿಮೀಟರ್ ಅಗಲ, ಒಂದೇ ಬಣ್ಣ, ಒರಟು ಕಾಗದ. ಗುರುತು ಮೊದಲು ಇಲ್ಲಿ ನಿಲ್ಲಬೇಕು. ಇಲ್ಲಿ ನಿಂತರೆ ಬೋರ್ಡಿನಲ್ಲೂ ನಿಲ್ತದೆ, ವಾಟ್ಸಾಪಿನ ಆ ಸಣ್ಣ ವೃತ್ತದಲ್ಲೂ ನಿಲ್ತದೆ. ಬಣ್ಣವನ್ನೂ ಅಲ್ಲಿಂದಲೇ ತೆಗೆದುಕೊಂಡೆ, ಸೀಲಿನ ನೇರಳೆ. ಶಾಯಿ ಮುಗಿದರೆ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ಆ ಬಣ್ಣ ಸಿಗ್ತದೆ. ಬಣ್ಣ ಕಲಸಿ ಕೊಡಿ ಅಂತ ಅಕ್ಕ ನನಗೆ ಫೋನ್ ಮಾಡಬೇಕಾಗಿಲ್ಲ. ನಾನು ಇಲ್ಲದಿದ್ದರೂ ನಡೆಯಬೇಕು, ಸಣ್ಣ ಅಂಗಡಿಗೆ ಮಾಡುವ ಕೆಲಸದಲ್ಲಿ ನಾನು ಮೊದಲು ನೋಡುವುದು ಅದನ್ನೇ.

ಇನ್ನು ಚಿತ್ರದ ವಿಷಯ. ಮಗ ಒಂದಷ್ಟು ಮಾದರಿ ಕಳಿಸಿದ್ದ. ಯಕ್ಷಗಾನದ ಕಿರೀಟ, ಕಂಬಳದ ಕೋಣ, ಒಂದರಲ್ಲಿ ದೈವದ ಮೊಗ ಸಹ. ಕರಾವಳಿ ಅಂದ ಕೂಡಲೇ ಎಲ್ಲರಿಗೂ ಇವೇ ನೆನಪಾಗ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕಿರೀಟ ಹಾಕಿದ ಹೋಟೆಲು, ಐಸ್‌ಕ್ರೀಮು, ಮಸಾಲೆ ಪುಡಿ ಎಲ್ಲ ಸಾಲಾಗಿ ನಿಂತರೆ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ. ದೈವದ ವಿಷಯದಲ್ಲಿ ನಾನು ಖಂಡಿತ ಒಪ್ಪುವುದಿಲ್ಲ. ಹಪ್ಪಳದ ಪ್ಯಾಕೆಟ್ ಹರಿದ ಮೇಲೆ ಎಲ್ಲಿಗೆ ಹೋಗ್ತದೆ ಹೇಳಿ? ಚರಂಡಿಗೆ, ಕಸದ ಗಾಡಿಗೆ, ಬಸ್ಸಿನ ಸೀಟಿನ ಅಡಿಗೆ. ಮನೆಯಲ್ಲಿ ಕೈಮುಗಿಯುವ ಮುಖವನ್ನು ಅಲ್ಲಿ ಬೀಳಿಸಬಾರದು. ಅಕ್ಕನೂ "ಬೇಡ ಬೇಡ, ಅದೆಲ್ಲ ಬೇಡ" ಅಂತ ಅಲ್ಲಿಗೇ ಮುಗಿಸಿದರು.

ಹಾಗಾದರೆ ಚಿತ್ರ ಎಂತ? ಚಿತ್ರವೇ ಬೇಡ ಅಂದೆ. ಅಕ್ಷರ ಸಾಕು, ಅದೂ ಕನ್ನಡ ಅಕ್ಷರ. ಈ ಓಣಿಯಲ್ಲಿ ಹತ್ತು ನಿಮಿಷ ನಿಂತರೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಕಿವಿಗೆ ಬೀಳ್ತದೆ. ಓದಲಿಕ್ಕೆ ಬಂದಾಗ ಇವರಲ್ಲಿ ಹೆಚ್ಚಿನವರಿಗೆ ಕೈಗೆ ಸಿಗುವ ಲಿಪಿ ಒಂದೇ. ಇಲ್ಲಿ ತುಳು ಬರೆಯುವುದೂ ಕೊಂಕಣಿ ಬರೆಯುವುದೂ ಹೆಚ್ಚಾಗಿ ಕನ್ನಡದಲ್ಲೇ ಅಲ್ವಾ. ಹಾಗಿದ್ದೂ ನಮ್ಮ ಎಷ್ಟೋ ಅಂಗಡಿಗಳಲ್ಲಿ ಇಂಗ್ಲಿಷಿನಲ್ಲಿ ಚಂದದ ಲೋಗೋ ಮಾಡಿ, ಕನ್ನಡವನ್ನು ಕೊನೆಗೆ ಕೈಗೆ ಸಿಕ್ಕಿದ ಫಾಂಟಿನಲ್ಲಿ ಅಡಿಯಲ್ಲಿ ತುರುಕ್ತಾರೆ. ಅದನ್ನು ನೋಡುವಾಗ ನನಗೆ ನಿಜವಾಗಿ ಬೇಜಾರಾಗ್ತದೆ.

ಯಾಕೆಂದರೆ ಕನ್ನಡ ಅಕ್ಷರ ಕೆಲಸಕ್ಕೆ ಇಳಿದ ಊರು ಇದು. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟದ್ದು ಇಲ್ಲಿಂದಲೇ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ. ಅದು ಕಲ್ಲಚ್ಚು. ಸೀಸದ ಮೊಳೆ ಜೋಡಿಸದೆ, ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಮುದ್ರಿಸುವ ಕ್ರಮ. ಅದೇ ಮಿಷನ್ನಿನ ಅಚ್ಚುಕೂಟದ ಕೆಲಸಕ್ಕೆ ಬಂದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಕ್ಕನ ಮಾಡಿನಿಂದ ಇಳಿಸಿಟ್ಟ ಒಂದು ಹಳೇ ಹೆಂಚನ್ನು ಕ್ಯಾಮೆರಾಕ್ಕೆ ಹಿಡಿದಿದ್ದೇನೆ ನೋಡಿ. ಬೆರಳಿಟ್ಟರೆ ಉಬ್ಬಿದ ಅಕ್ಷರ ತಾಗ್ತದೆ, ಮಿಷನ್ನಿನ ಹೆಸರು, 1865. ಬಣ್ಣ ಇಲ್ಲ, ಗೆರೆ ಇಲ್ಲ. ಹಸಿ ಮಣ್ಣಿಗೆ ಒತ್ತಿ ಸುಟ್ಟ ಹೆಸರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿಗೆ ಹೊಂದುವ ಗುರುತು ಅಂದರೆ ಇದು. ನಾನು ಅಕ್ಕನಿಗೆ ತೋರಿಸಿದ ಮೊದಲ ಮಾದರಿಯೂ ಇದೇ ಹೆಂಚು.

ಅಕ್ಷರ ಬರೆಯುವುದಕ್ಕೆ ಬರ್ತೇನೆ. ಕನ್ನಡದಲ್ಲಿ ಹೆಸರು ಅಡ್ಡಕ್ಕೆ ಮಾತ್ರ ಬೆಳೆಯುವುದಿಲ್ಲ, ಕೆಳಗೂ ಇಳೀತದೆ. 'ಶ್ರೀ'ಯಲ್ಲಿ ರಕಾರ ಕೆಳಗೆ ಸುತ್ತಿಕೊಳ್ತದೆ, ದೀರ್ಘ ಬಲಕ್ಕೆ ಬರ್ತದೆ. 'ಸ್ಟೋರ್ಸ್' ಅಂತ ಬರೆದು ನೋಡಿ, ಸಕಾರದ ಕಾಲಿಗೆ ಟಕಾರದ ಒತ್ತು, ಮೇಲೆ ಓತ್ವ, ಮತ್ತೆ ರೇಫ, ಮತ್ತೆ ಸಕಾರ. ಮೂರು ಇಂಚಿನ ಅಕ್ಷರ ಅಂತ ಲೆಕ್ಕ ಹಾಕಿ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸರಿಯಾಗಿ ಕೂರಿಸಿದರೆ ಒತ್ತುಗಳಿಗೆ ಜಾಗವೇ ಸಿಗುವುದಿಲ್ಲ, ಅಕ್ಷರದ ಹೊಟ್ಟೆ ಕುಗ್ತದೆ. ಹತ್ತು ಅಡಿ ದೂರದಿಂದ ಓದಲಿಕ್ಕೆ ಒಂದಿಂಚು ಎತ್ತರ ಬೇಕು ಅಂತ ಬೋರ್ಡಿನವರು ಒಂದು ಅಂದಾಜು ಹೇಳ್ತಾರೆ. ಕನ್ನಡಕ್ಕೆ ಆ ಒಂದಿಂಚನ್ನು ಮೂಲ ಅಕ್ಷರಕ್ಕೇ ಕೊಡಿ, ಒತ್ತಿನ ಜಾಗ ಬೇರೆಯೇ ಇಡಿ.

ಹಾಗಾಗಿ ಇಲ್ಲಿ 'ಶ್ರೀ'ಯನ್ನೇ ಗುರುತು ಮಾಡಿದೆ. ಹಳೇ ಸೀಲಿನಲ್ಲಿ ಮುಚ್ಚಿ ಹೋಗಿದ್ದ ಸುಳಿಯನ್ನು ಬಿಡಿಸಿ, ಒಳಗಿನ ಬಿಳಿ ಜಾಗ ಅಗಲ ಮಾಡಿದೆ. ಎಷ್ಟು ಶಾಯಿ ಕುಡಿದರೂ ಅದು ತೆರೆದೇ ಇರ್ತದೆ. ಮೇಲಿನ ಗುಡಿಸು ಸ್ವಲ್ಪ ದಪ್ಪ, ಯಾಕೆಂದರೆ ಸೀಲಿನಲ್ಲಿ ಮೊದಲು ಸವೆಯುವುದು ಅಂಚೇ. ಮೊದಲು ಬ್ರಶ್ ಪೆನ್ನಿನಲ್ಲಿ ಕಾಗದದ ಮೇಲೆ ಬರೆದು, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಿದ್ದು. ಉಳಿದ ಅಕ್ಷರಗಳಿಗೆ ಉಚಿತವಾಗಿ ಸಿಗುವ ಅನೇಕ್ ಕನ್ನಡ ಫಾಂಟ್ ಬಳಸಿದೆ. ತೆಳುವಿನಿಂದ ದಪ್ಪದವರೆಗೆ ಹಲವು ತೂಕ ಉಂಟು ಅದರಲ್ಲಿ, ಲೇಬಲಿನ ಸಣ್ಣ ಅಕ್ಷರಕ್ಕೂ ಆಗ್ತದೆ, ಬೆಲೆಪಟ್ಟಿಗೂ ಆಗ್ತದೆ. ಇದೆಲ್ಲ ಈಗ ನಮಗೆ ಇಷ್ಟು ಸುಲಭ ಆಗುವುದಕ್ಕೆ ದುಡಿದವರಲ್ಲಿ ಇಲ್ಲೇ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರೂ ಒಬ್ಬರು. ನಾವು ದಿನಾ ಟೈಪ್ ಮಾಡುವ ಕನ್ನಡ ಕೀಲಿಮಣೆ ವಿನ್ಯಾಸದ ಬುಡ ಅವರದ್ದು.

ಈ ಕೆಲಸ ಮಾಡುವವರಿಗೆ ಒಂದು ಮಾತು. ಪ್ರೆಸ್ಸಿಗೆ ಫೈಲ್ ಕೊಡುವಾಗ ಅಕ್ಷರವನ್ನೆಲ್ಲ ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಆಕಾರವಾಗಿ ಬದಲಿಸಿ ಕೊಡಿ. ಅಲ್ಲಿಯ ಕಂಪ್ಯೂಟರಿನಲ್ಲಿ ಹಳೇ ನುಡಿ ಫಾಂಟ್ ಇರ್ತದೆ, ನಿಮ್ಮದು ಯೂನಿಕೋಡ್, ಎರಡರಲ್ಲೂ ಅಕ್ಷರದ ಸಂಕೇತ ಬೇರೆ ಬೇರೆ. ತೆರೆದ ಕೂಡಲೇ ಒತ್ತೆಲ್ಲ ಬಿಡಿಬಿಡಿಯಾಗಿ ಚದುರ್ತದೆ.

ಬೋರ್ಡು. ಫ್ಲೆಕ್ಸ್ ಬೇಡ ಅಂತ ಹಟ ಹಿಡಿದೆ. ಹಂಪನಕಟ್ಟೆಯಲ್ಲಿ ನಡೆಯುವಾಗ ಹಳೇ ಫ್ಲೆಕ್ಸ್‌ಗಳನ್ನು ಗಮನಿಸಿ, ಎಲ್ಲ ನೀಲಿ ತಿರುಗಿರ್ತವೆ. ಬಿಸಿಲಿಗೆ ಕೆಂಪು, ಹಳದಿ ಮೊದಲು ಹಾರಿ ಹೋಗಿ ಉಳಿಯುವುದು ನೀಲಿ ಮತ್ತು ಕಪ್ಪು ಮಾತ್ರ. ಇಲ್ಲಿ ಬಿಳಿ ಎಸಿಪಿ ಶೀಟಿನ (ನಡುವೆ ಪ್ಲಾಸ್ಟಿಕ್, ಎರಡು ಬದಿ ಅಲ್ಯೂಮಿನಿಯಂ ಇರುವ ಹಲಗೆ) ಮೇಲೆ ನೇರಳೆ ಅಕ್ರಿಲಿಕ್ ಅಕ್ಷರ ಮಾಡಿಸಿದ್ದೇವೆ. ಬಣ್ಣ ಅಕ್ರಿಲಿಕ್ಕಿನ ಒಳಗೇ ಇರ್ತದೆ, ಮೇಲೆ ಬಳಿದದ್ದಲ್ಲ. ಸ್ಟೀಲ್ ಅಕ್ಷರ ಬೇಕು ಅನ್ನುವವರು 316 ಗ್ರೇಡ್ ಅಂತ ಕೇಳಿ ತೆಗೆದುಕೊಳ್ಳಿ. ಕಡಿಮೆ ಗ್ರೇಡಿನದ್ದಕ್ಕೆ ಕಡಲ ಗಾಳಿ ತಾಗಿ ಕಂದು ಕಲೆ ಬರ್ತದೆ. ಸ್ಕ್ರೂ ಸಹ ಸ್ಟೀಲಿನದ್ದೇ ಇರಲಿ. ಸಾಧಾರಣ ಸ್ಕ್ರೂ ಹೊಡೆದರೆ ಒಂದೇ ಮಳೆಗಾಲದಲ್ಲಿ ಪ್ರತಿ ಸ್ಕ್ರೂವಿನಿಂದಲೂ ಬಿಳಿ ಬೋರ್ಡಿನ ಮೇಲೆ ತುಕ್ಕಿನ ನೀರು ಗೆರೆ ಎಳೆದುಕೊಂಡು ಇಳೀತದೆ. ಕನ್ನಡ ಮೇಲ್ಭಾಗದಲ್ಲಿ, ಶೇಕಡ 60ರಷ್ಟು ಜಾಗದಲ್ಲಿ ಇರಬೇಕು ಅಂತ ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳ್ತದೆ. ನಮಗೆ ಅಳತೆ ಮಾಡುವ ಕೆಲಸವೇ ಬರಲಿಲ್ಲ, ಇಂಗ್ಲಿಷ್ ಇರುವುದು ಅಡಿಯಲ್ಲಿ ಒಂದು ಸಾಲು ಮಾತ್ರ.

ಪ್ಯಾಕೆಟ್ಟಿಗೆ ಸ್ಟಿಕ್ಕರ್. ಅಚ್ಚು ಹಾಕಿದ ಪೌಚು ಬೇಕಾದರೆ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು, ಇಷ್ಟು ಸಣ್ಣ ವ್ಯಾಪಾರಕ್ಕೆ ಅದು ಗಿಟ್ಟುವುದಿಲ್ಲ. ಖಾಲಿ ಪಾರದರ್ಶಕ ಪೌಚು, ಮೇಲೆ ಒಂದು ಅಂಟುಚೀಟಿ. ಹಪ್ಪಳ ಕಣ್ಣಿಗೆ ಕಾಣಬೇಕು ಅಂತ ಅಕ್ಕನ ಬೇಡಿಕೆಯೂ ಅದೇ ಇತ್ತು. "ಮುರಿದದ್ದು ಉಂಟಾ ಅಂತ ಜನ ತಿರುಗಿಸಿ ನೋಡ್ತಾರೆ, ಮುಚ್ಚಿಟ್ಟರೆ ತೆಗೆದುಕೊಳ್ಳುವುದಿಲ್ಲ." ಅದಕ್ಕೆ ಚೀಟಿಯನ್ನು ಒಂದು ಮೂಲೆಗೆ ಸರಿಸಿದೆ. ಅದರಲ್ಲಿ ಕೂರಬೇಕಾದ್ದು ಕಡಿಮೆಯೇನಲ್ಲ: ಸಾಮಾನಿನ ಹೆಸರು, ಹಾಕಿದ ಪದಾರ್ಥ, ತೂಕ, ಬೆಲೆ, ಪ್ಯಾಕ್ ಮಾಡಿದ ದಿನ, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) 14 ಅಂಕಿಯ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು. ಆ ಹಸಿರು ಚುಕ್ಕೆಯನ್ನು ಚಂದಕ್ಕೆ ಅಂತ ಕುಗ್ಗಿಸುವ ಹಾಗಿಲ್ಲ. ಪ್ಯಾಕೆಟ್ಟಿನಲ್ಲಿ ಎದುರಿಗೆ ಕಾಣುವ ಮುಖ್ಯ ಭಾಗ 100 ಚದರ ಸೆಂಟಿಮೀಟರಿನವರೆಗೆ ಇದ್ದರೆ ಚುಕ್ಕೆಯ ವ್ಯಾಸ ಕಡಿಮೆಯೆಂದರೆ 3 ಮಿಲಿಮೀಟರ್, ಸುತ್ತಲಿನ ಚೌಕದ ಬದಿ ಅದರ ಎರಡರಷ್ಟು. ದಿನಾಂಕದ ಜಾಗ ಖಾಲಿ ಬಿಟ್ಟಿದ್ದೇನೆ, ಅಕ್ಕ ದಿನಾಂಕದ ಸೀಲ್ ಒತ್ತುತ್ತಾರೆ. ಅದೂ ನೇರಳೆ, ಅದಕ್ಕೇ ಬೇರೆಯಾಗಿ ಕಾಣುವುದಿಲ್ಲ, ವಿನ್ಯಾಸದ್ದೇ ಒಂದು ಭಾಗದ ಹಾಗೆ ಕೂರ್ತದೆ.

ವಿಳಾಸದಲ್ಲಿ ಒಂದು ಸಾಲು ಸೇರಿಸಿದ್ದೇವೆ, 'ಅಶ್ವತ್ಥಕಟ್ಟೆಯ ಹತ್ತಿರ'. ಅಂಗಡಿಗೆ ಫೋನ್ ಬಂದಾಗಲೆಲ್ಲ ನಾನು ಕೇಳಿದ್ದು "ಕಟ್ಟೆ ಹತ್ತಿರದ ಹಪ್ಪಳದಂಗಡಿ ಅಲ್ವಾ" ಅಂತ. ಬೋರ್ಡಿನ ಹೆಸರು ಹೇಳುವವರು ಕಡಿಮೆ. ಜನ ಕೊಟ್ಟ ಗುರುತು ಅದು, ಪ್ಯಾಕೆಟ್ಟಿನಲ್ಲಿ ಇರಲೇಬೇಕು ಅನ್ನಿಸಿತು. ಅದನ್ನು ಓದಿ ಅಕ್ಕನ ಮುಖ ಅರಳಿದ್ದು ವಿಡಿಯೋದಲ್ಲಿ ಉಂಟು, ನೋಡಿ.

ಟ್ರೇಡ್‌ಮಾರ್ಕ್ ಬೇಕಾ ಅಂತ ತುಂಬಾ ಜನ ಕೇಳ್ತೀರಿ. ಬೇರೆ ಊರಿನ ಅಂಗಡಿಗಳಿಗೆ ಸಾಮಾನು ಕಳಿಸುವ ಯೋಚನೆ ಇದ್ದರೆ ಮಾಡಿಸಿ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಅಥವಾ ಸಣ್ಣ ಉದ್ಯಮವಾಗಿ ಆನ್‌ಲೈನಿನಲ್ಲಿ ಹಾಕಿದರೆ ಸಾಮಾನಿನ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ, ನೋಂದಣಿ ಆದರೆ 10 ವರ್ಷ ನಡೀತದೆ, ಆಮೇಲೆ ನವೀಕರಿಸಬಹುದು. 'ಶ್ರೀ' ಅಂತ ಒಂದು ಅಕ್ಷರವನ್ನು ಯಾರೂ ತನ್ನದು ಅನ್ನಲಿಕ್ಕಾಗುವುದಿಲ್ಲ, ಹಾಗಾಗಿ ಅಂಗಡಿಯ ಪೂರ್ತಿ ಹೆಸರಿನ ಜೊತೆ ಬರೆದ ರೂಪವನ್ನೇ ಹಾಕುವುದು ಅಂತ ತೀರ್ಮಾನ ಆಗಿದೆ.

ಕೊನೆಗೆ ಅಕ್ಕನ ಕೈಗೆ ಕೊಟ್ಟದ್ದು ಎರಡು ಹೊಸ ಸೀಲ್, ಒಂದು ನೇರಳೆ ಪ್ಯಾಡ್, ಸ್ಟಿಕ್ಕರಿನ ಸುರುಳಿ, ಮತ್ತೆ ಎಲ್ಲ ಫೈಲ್ ಇರುವ ಒಂದು ಪೆನ್‌ಡ್ರೈವ್. ಒಳಗೊಂದು ಪುಟ ಕನ್ನಡದಲ್ಲೇ ಬರೆದಿಟ್ಟಿದ್ದೇನೆ: ಯಾವ ಫೈಲು ಬೋರ್ಡಿನವರಿಗೆ, ಯಾವುದು ಪ್ರೆಸ್ಸಿಗೆ, ಯಾವುದು ಸೀಲಿನವರಿಗೆ. ನಾಳೆ ಅವರು ಬೇರೆ ಪ್ರೆಸ್ಸಿಗೆ ಹೋದರೂ ಆ ಪುಟ ತೋರಿಸಿದರೆ ಸಾಕು.

ನಿಮ್ಮ ಮನೆ ಹತ್ತಿರ ಕೈಯಲ್ಲಿ ಬರೆದ ಹಳೇ ಬೋರ್ಡು ಇರುವ ಅಂಗಡಿ ಇದ್ದರೆ, ಮಾಲಕರನ್ನು ಕೇಳಿ ಅದರ ಒಂದು ಫೋಟೋ ತೆಗೆದು ಕಳಿಸಿ. ಉಡುಪಿ, ಕುಂದಾಪುರ, ಪುತ್ತೂರು ಎಲ್ಲಿಯದ್ದಾದರೂ ಆಗ್ತದೆ. ಫ್ಲೆಕ್ಸ್ ಬರುವ ಮೊದಲು ನಮ್ಮಲ್ಲಿ 'ಶ್ರೀ'ಯನ್ನು ಎಷ್ಟು ಬಗೆಯಲ್ಲಿ ಬರೀತಿದ್ದರು ಅಂತ ಒಂದು ಕಡೆ ಸೇರಿಸ್ತಾ ಇದ್ದೇನೆ. ಮುಂದಿನ ವಿಡಿಯೋ ಅದರದ್ದೇ.