ಮನೆಯಲ್ಲೇ ಗೇಮ್ ಕಂಟ್ರೋಲರ್: ಮೊದಲು ರಟ್ಟು, ಆಮೇಲೆ ತಂತಿ

ಕೇಳುಗರಿಗೆ ನಮಸ್ಕಾರ.

ವಿಡಿಯೋ ಗೇಮ್ ಕಂಟ್ರೋಲರ್ ಮಾಡಲು ಹೊರಟವರ ಕೈ ಮೊದಲು ಹೋಗುವುದು ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಕಡೆಗೆ. ಸದ್ಯ ಅದು ಡಬ್ಬದಲ್ಲೇ ಇರಲಿ. ಮೊದಲ ದಿನಕ್ಕೆ ಬೇಕಾದದ್ದು ಇಷ್ಟೇ: ಒಂದು ಶೂ ಡಬ್ಬದ ಮುಚ್ಚಳ, ನೀರಿನ ಬಾಟಲಿಯ ಎಂಟು ಬಿರಡೆ, ಒಂದಿಷ್ಟು ಡಬಲ್ ಟೇಪು. ಬಿರಡೆಗಳೇ ಸದ್ಯಕ್ಕೆ ನಮ್ಮ ಬಟನ್. ಬಾಟಲಿ ಬಿರಡೆಯ ಅಗಲ ಹೆಚ್ಚುಕಡಿಮೆ 30 ಮಿಲಿಮೀಟರ್. ಆರ್ಕೇಡ್ ಯಂತ್ರಗಳ ದೊಡ್ಡ ಬಟನ್ ಕೂರುವ ತೂತಿನ ಅಳತೆಯೂ ಅದೇ.

ರಟ್ಟಿನ ಮೇಲೆ ಬಲಗೈಯನ್ನು ಸಡಿಲವಾಗಿ ಇಳಿಬಿಡಿ, ಬೆರಳು ಚಾಚಬೇಡಿ. ಬೆರಳ ತುದಿ ಎಲ್ಲಿ ತಾಗಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ನಾಲ್ಕು ಗುರುತುಗಳು ಒಂದೇ ಗೆರೆಯಲ್ಲಿ ಬರುವುದಿಲ್ಲ. ನಡುಬೆರಳಿನದು ಮುಂದೆ, ಕಿರುಬೆರಳಿನದು ಸಾಕಷ್ಟು ಹಿಂದೆ. ಆ ಬಾಗನ್ನು ಸ್ಕೇಲಿಟ್ಟು ನೇರ ಮಾಡಿದಿರೋ, ಅರ್ಧ ಗಂಟೆ ಆಟಕ್ಕೆ ಮಣಿಕಟ್ಟು ನೋಯಲು ಶುರು. ಒಂದು ಬಿರಡೆಯ ನಡುವಿನಿಂದ ಪಕ್ಕದ್ದರ ನಡುವಿಗೆ 36 ಮಿಲಿಮೀಟರ್ ಬಿಡಿ. ತೂತು 30 ಆದರೂ ಬಟನ್ನಿನ ಮೇಲಂಚು 33ರ ಆಸುಪಾಸು ಇರುತ್ತದೆ, ತೀರಾ ಒತ್ತೊತ್ತಾಗಿಟ್ಟರೆ ಅಂಚಿಗೆ ಅಂಚು ತಾಗುತ್ತದೆ. ಬಿರಡೆಗಳನ್ನು ಅಂಟಿಸಿ, ನಿಮ್ಮ ಆಟದ ವಿಡಿಯೋ ಒಂದನ್ನು ಹಾಕಿಕೊಂಡು, ಅದರ ಜತೆಗೇ ಇಪ್ಪತ್ತು ನಿಮಿಷ ಒತ್ತುತ್ತ ಹೋಗಿ. ಒಮ್ಮೆಯೂ ಮುಟ್ಟದ ಬಿರಡೆಯನ್ನು ಕಿತ್ತುಹಾಕಿ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿದ್ಯುತ್ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಡಿಸಿದಾಗ ಆಟಗಾರನ ಕೈಲಿದ್ದದ್ದು ಒಂದು ತಿರುಗಣಿ, ಒಂದು ಬಟನ್. ಆ ಆಟಕ್ಕೆ ಅಷ್ಟು ಸಾಕಾಗಿತ್ತು.

ಇನ್ನು ಬೋರ್ಡು, ಅಂದರೆ ಒತ್ತಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಸರ್ಕ್ಯೂಟು. ಹವ್ಯಾಸಿಗಳ ಬಳಿ ಹೆಚ್ಚಾಗಿ ಸಿಗುವ ಆರ್ಡುಯಿನೊ ಊನೊದ ಹಳೆಯ ಮಾದರಿ, ಅಂದರೆ ಆರ್3, ಇಲ್ಲಿ ಸುಲಭಕ್ಕೆ ಒಗ್ಗುವುದಿಲ್ಲ. ಅದರ ಮುಖ್ಯ ಚಿಪ್ಪು ಯುಎಸ್‌ಬಿ ಜತೆ ನೇರವಾಗಿ ಮಾತಾಡುವುದಿಲ್ಲ, ಕಂಪ್ಯೂಟರಿಗೆ ಅದು ಬರೀ ಸೀರಿಯಲ್ ಪೋರ್ಟಾಗಿ, ಅಂದರೆ ಡೇಟಾ ಸಾಗಿಸುವ ಸಂಪರ್ಕವಾಗಿ, ಕಾಣುತ್ತದೆ. ಆರ್ಡುಯಿನೊದ್ದೇ ಲಿಯೊನಾರ್ಡೊ ಅಥವಾ ರಾಸ್ಪ್‌ಬೆರಿ ಪೈ ಪಿಕೊ ತನ್ನನ್ನು ಗೇಮ್‌ಪ್ಯಾಡ್ ಎಂದೇ ಪರಿಚಯಿಸಿಕೊಳ್ಳಬಲ್ಲದು. ಪಿಕೊ ಹಿಡಿಯೋಣ. ಜಿಪಿ2ರಿಂದ ಜಿಪಿ9ರವರೆಗೆ ಹೆಸರಿರುವ ಎಂಟು ಪಿನ್ನು, ಎಂಟು ಬಟನ್ನು. ಪ್ರತಿ ಬಟನ್ನಿನ ಒಂದು ಕಾಲು ತನ್ನ ಪಿನ್ನಿಗೆ, ಇನ್ನೊಂದು ಕಾಲು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ಪಿನ್ನಿಗೆ. ಬಟನ್ನಿನ ಮೈಕ್ರೋಸ್ವಿಚ್ಚಿಗೆ ಮೂರು ಕಾಲಿದ್ದರೆ ಕಾಮನ್ ಮತ್ತು ಎನ್‌ಓ ಎಂದು ಗುರುತಿರುವ ಎರಡನ್ನು ಬಳಸಿ. ಇವೆರಡು ಒತ್ತಿದಾಗ ಮಾತ್ರ ಕೂಡುತ್ತವೆ. ತಪ್ಪಿ, ಒತ್ತದಿರುವಾಗಲೇ ಕೂಡಿರುವ ಎನ್‌ಸಿಗೆ ಕೊಟ್ಟರೆ ಬಟನ್ ಬಿಟ್ಟಾಗ ಒತ್ತಿದಂತೆ ತೋರಿ, ಒತ್ತಿದಾಗ ಬಿಟ್ಟಂತೆ ತೋರುತ್ತದೆ.

ಪಿಕೊಗೆ ಹಾಕುವ ಪ್ರೋಗ್ರಾಮಿನಲ್ಲಿ ಎಂಟೂ ಪಿನ್ನುಗಳಿಗೆ, ಬಟನ್ ಬಿಟ್ಟಾಗ ಪಿನ್ನನ್ನು ಮೇಲೆ ಎಳೆದು ಹಿಡಿಯುವ ಒಳಗಿನ ಪುಲ್‌-ಅಪ್ ಹಾಕಲು ಮರೆಯಬೇಡಿ. ಪುಲ್‌-ಅಪ್ ಇದ್ದರೆ ಬಿಟ್ಟಾಗ ಒಂದು, ಒತ್ತಿದಾಗ ಸೊನ್ನೆ. ಇಲ್ಲದಿದ್ದರೆ ಪಿನ್ನು ಅತಂತ್ರ. ಬರೀ ಕೈ ಹತ್ತಿರ ಒಯ್ದರೂ ಆಟದಲ್ಲಿನ ವ್ಯಕ್ತಿ ತನ್ನಷ್ಟಕ್ಕೆ ಜಿಗಿಯಬಹುದು, ದೆವ್ವ ಹೊಕ್ಕ ಹಾಗೆ.

ಎಂಟು ಬಟನ್ನಿನ ಗ್ರೌಂಡನ್ನು ಮಾಲೆಯ ಹಾಗೆ ಒಂದೇ ತಂತಿಯಲ್ಲಿ ಪೋಣಿಸಬಹುದು. ಮೂರನೆಯ ಬಟನ್ನಿನ ಹತ್ತಿರ ತಂತಿ ಕಿತ್ತರೆ ಅಲ್ಲಿಂದ ಮುಂದಿನ ಬಟನ್ನುಗಳೆಲ್ಲ ಸತ್ತಂತೆ. ಅದಕ್ಕೇ ಮಾಲೆಯ ಎರಡೂ ತುದಿಯನ್ನು ಪಿಕೊದ ಗ್ರೌಂಡಿಗೆ ತನ್ನಿ. ಆಗ ಒಂದು ಕಡೆ ಕಿತ್ತರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ.

ಹೆಬ್ಬೆರಳಿನ ಜಾಯ್‌ಸ್ಟಿಕ್ ಮಾಡ್ಯೂಲಿನ ಮೇಲೆ ಸಾಮಾನ್ಯವಾಗಿ 5 ವೋಲ್ಟ್ ಎಂದೇ ಅಚ್ಚಾಗಿರುತ್ತದೆ. ನಂಬಬೇಡಿ. ಪಿಕೊದಲ್ಲಿ ವೋಲ್ಟೇಜು ಅಳೆಯುವ ಅನಲಾಗ್ ಪಿನ್ನು 3.3 ವೋಲ್ಟಿಗಿಂತ ಹೆಚ್ಚು ತಾಳದು. ಮಾಡ್ಯೂಲಿನ ಒಳಗಿರುವುದು ತಿರುಗಿಸಿದಂತೆ ವೋಲ್ಟೇಜು ಬದಲಿಸುವ ಎರಡು ಪೊಟೆನ್ಶಿಯೋಮೀಟರ್ ಅಷ್ಟೇ, 3.3ರಲ್ಲೂ ಚೆನ್ನಾಗಿ ನಡೆಯುತ್ತದೆ. ಪಿಕೊದ 36ನೇ ಕಾಲಿನಿಂದ ವಿದ್ಯುತ್ತು, ಜಿಪಿ26 ಮತ್ತು 27ಕ್ಕೆ ಎರಡು ಅಕ್ಷಗಳು. ಓದಿದ ಬೆಲೆ 0ಯಿಂದ 4095. ಸ್ಟಿಕ್ಕು ನಡುವಿನಲ್ಲಿದ್ದಾಗ 2048 ಬರಬೇಕು, ಬರುವುದಿಲ್ಲ. ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಹತ್ತು ಹತ್ತು ಸಲ ತಳ್ಳಿ ಬಿಟ್ಟು, ಅದು ಮರಳಿ ನಿಂತ ಬೆಲೆಯನ್ನು ಬರೆದುಕೊಳ್ಳಿ. ಅತಿ ಕಡಿಮೆ 1960, ಅತಿ ಹೆಚ್ಚು 2110 ಎಂದುಕೊಳ್ಳಿ. ಆ ಎರಡರ ನಡುವಿನದನ್ನೆಲ್ಲ, ಆಚೀಚೆ ಸ್ವಲ್ಪ ಸೇರಿಸಿ, ಸೊನ್ನೆ, ಅಂದರೆ ಸ್ಟಿಕ್ಕು ಅಲುಗಿಲ್ಲ, ಎಂದೇ ಎಣಿಸಬೇಕು. ಕೇಬಲ್ ಚುಚ್ಚಿದ ಕ್ಷಣದ ಬೆಲೆಯನ್ನೇ ನಡು ಎಂದು ಹಿಡಿಯುವ ಪ್ರೋಗ್ರಾಮಾದರೆ, ಚುಚ್ಚುವಾಗ ಸ್ಟಿಕ್ಕಿನ ಮೇಲೆ ಹೆಬ್ಬೆರಳು ಇರಕೂಡದು.

ಹೆಚ್ಚಿನವರು ಎಡವುವುದು ಬೌನ್ಸ್ ಎಂಬಲ್ಲಿ. ಸ್ವಿಚ್ಚಿನೊಳಗಿನ ಲೋಹದ ನಾಲಿಗೆ ಒಂದೇ ಏಟಿಗೆ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡು ಕುಣಿಯುತ್ತದೆ. ಒಮ್ಮೆ ಒತ್ತಿದರೆ ಮೂರು ಸಲ ಗುಂಡು ಹಾರುವುದು ಇದರಿಂದಲೇ. ಇದಕ್ಕೆ 20 ಮಿಲಿಸೆಕೆಂಡಿನ ಡಿಲೇ ಹಾಕಿ ಕೈತೊಳೆದುಕೊಳ್ಳುವವರುಂಟು. ಸೆಕೆಂಡಿಗೆ 60 ಚೌಕಟ್ಟು, ಅಂದರೆ ಫ್ರೇಮು, ಮೂಡುವ ಆಟದಲ್ಲಿ ಒಂದು ಚೌಕಟ್ಟು ಇರುವುದೇ 16.7 ಮಿಲಿಸೆಕೆಂಡು. ಅಂದರೆ ಒಂದಿಡೀ ಚೌಕಟ್ಟಿಗಿಂತ ಹೆಚ್ಚು ತಡವನ್ನು ನೀವೇ ಕೈಯಾರೆ ತಂದುಕೊಂಡಿರಿ. ಸರಿಯಾದ ದಾರಿ ತಿರುವುಮುರುವು: ಮೊದಲ ಬದಲಾವಣೆ ಕಂಡ ಕೂಡಲೇ ಕಂಪ್ಯೂಟರಿಗೆ ಹೇಳಿಬಿಡಿ, ಆಮೇಲಿನ 5 ಮಿಲಿಸೆಕೆಂಡು ಆ ಬಟನ್ ಏನೇ ಅಂದರೂ ಕಿವಿಗೆ ಹಾಕಿಕೊಳ್ಳಬೇಡಿ. ಇನ್ನೂ ಎರಡೆರಡು ಸಲ ಬಿದ್ದರೆ 8ಕ್ಕೆ ಏರಿಸಿ.

ಪರೀಕ್ಷೆಗೆ ವಿಂಡೋಸಿನ ರನ್ ಕಿಟಕಿಯಲ್ಲಿ ಜೆ, ಓ, ವೈ, ಚುಕ್ಕಿ, ಸಿ, ಪಿ, ಎಲ್ ಎಂದು ಟೈಪ್ ಮಾಡಿ. ಒತ್ತಿದ ಬಟನ್ನಿನ ದೀಪ ಅಲ್ಲಿ ಹೊತ್ತುತ್ತದೆ. ಕಂಟ್ರೋಲರ್ ಪಟ್ಟಿಯಲ್ಲೇ ಇಲ್ಲವೆಂದರೆ ಮೊದಲು ಕೇಬಲ್ ಬದಲಿಸಿ ನೋಡಿ. ಚಾರ್ಜಿಗಷ್ಟೇ ಬರುವ ಕೇಬಲ್ಲುಗಳಲ್ಲಿ ಡೇಟಾದ ತಂತಿಯೇ ಇರುವುದಿಲ್ಲ.

ಇಷ್ಟಾದ ಮೇಲೆ ಪೆಟ್ಟಿಗೆ. ಒತ್ತಿ ಕೂರಿಸುವ ಬಟನ್ನಾದರೆ 3 ಮಿಲಿಮೀಟರ್ ಅಕ್ರಿಲಿಕ್, ನಟ್ ತಿರುಗಿಸುವಂಥದ್ದಾದರೆ 6 ಮಿಲಿಮೀಟರ್ ಪ್ಲೈವುಡ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ 30 ಎಂದು ಕೊಟ್ಟದ್ದು 28 ಇರಬಹುದು. ವರ್ನಿಯರ್‌ನಲ್ಲಿ ಅಳೆಯದೆ ಡ್ರಿಲ್ ಮುಟ್ಟಬೇಡಿ. ಪಿಕೊದ ಯುಎಸ್‌ಬಿ ಸಾಕೆಟ್ಟು ಬಹಳ ನಾಜೂಕು, ಯಾರದೋ ಕಾಲು ಕೇಬಲ್ಲಿಗೆ ಸಿಕ್ಕರೆ ಸಾಕು, ಬೋರ್ಡಿನಿಂದ ಎದ್ದು ಬರುತ್ತದೆ. ಪೆಟ್ಟಿಗೆಯೊಳಗೆ ಕೇಬಲ್ಲಿಗೆ ಒಂದು ಜಿಪ್ ಟೈ ಬಿಗಿದು, ಎಳೆತವೆಲ್ಲ ಪೆಟ್ಟಿಗೆಯ ಗೋಡೆಗೆ ಬೀಳುವ ಹಾಗೆ ಮಾಡಿ, ಆಮೇಲೆ ಮುಚ್ಚಳದ ಸ್ಕ್ರೂ ತಿರುಗಿಸಿ.

ನಮಸ್ಕಾರ.