ಬೇಸಿಗೆ ಬಿಸಿಲಲ್ಲಿ ತೈಲಚಿತ್ರ

ಕೇಳುಗರಿಗೆ ನಮಸ್ಕಾರ.

ಬಿಸಿಲು ಜೋರಾಯಿತು ಅಂದರೆ ನಮ್ಮ ಕಡೆಯ ಎಷ್ಟೋ ಚಿತ್ರಕಾರರು ಈಸೆಲ್ ಅನ್ನುವ ಚಿತ್ರದ ಸ್ಟ್ಯಾಂಡ್ ಮಡಚಿ ಮೂಲೆಗೆ ಇಡುತ್ತಾರೆ. ಮಳೆ ಬರಲಿ, ಹೊಲ ಹಸಿರಾಗಲಿ, ಆಮೇಲೆ ಲ್ಯಾಂಡ್‌ಸ್ಕೇಪ್ ಮಾಡೋಣ ಅನ್ನುತ್ತಾರೆ. ನಾನು ಇದಕ್ಕೆ ಒಪ್ಪುವುದಿಲ್ಲ. ಬಾಗಲಕೋಟೆ, ವಿಜಯಪುರದ ಸೀಮೆಯನ್ನು ತೈಲವರ್ಣದಲ್ಲಿ ಹಿಡಿಯಬೇಕು ಅಂದರೆ ಮಾರ್ಚ್‌ನಿಂದ ಮೇ ತನಕದ ದಿನಗಳಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ.

ಬಯಲಲ್ಲಿ ಕೂತು ಬರೆಯುವವರಿಗೆ ದೊಡ್ಡ ತೊಂದರೆ ಬೆಳಕಿನದ್ದು. ಅದು ನಿಲ್ಲುವುದಿಲ್ಲ. ನೆರಳಿನ ಅಂಚಿಗೆ ಗುರುತು ಹಾಕುವಷ್ಟರಲ್ಲಿ ನೆರಳು ಸರಿದಿರುತ್ತದೆ. ಮಳೆಗಾಲದಲ್ಲಂತೂ ಒಂದು ಮೋಡ ಬಂದರೆ ಇಡೀ ಗುಡ್ಡದ ಬಣ್ಣವೇ ಬೇರೆ. ನಾಳೆ ಅದೇ ಹೊತ್ತಿಗೆ ಬಂದರೂ ಇವತ್ತಿನ ಬೆಳಕು ಸಿಗುತ್ತದೆ ಅನ್ನುವ ಹಾಗಿಲ್ಲ. ಬೇಸಿಗೆಯಲ್ಲಿ ಹಾಗಲ್ಲ. ಎಷ್ಟೋ ಸಲ ವಾರಗಟ್ಟಲೆ ಆಕಾಶ ಒಂದೇ ಥರ ಇರುತ್ತದೆ. ಇವತ್ತು ಸಂಜೆ ಐದಕ್ಕೆ ಬಂಡೆಯ ಯಾವ ಮೂಲೆಗೆ ಬಿಸಿಲು ಬಿತ್ತೋ, ನಾಳೆ ಐದಕ್ಕೂ ಹೆಚ್ಚುಕಡಿಮೆ ಅಲ್ಲೇ ಬೀಳುತ್ತದೆ. ತೈಲವರ್ಣ ಬಲ್ಲವರಿಗೆ ಇದಕ್ಕಿಂತ ಇನ್ನೇನು ಬೇಕು? ಜಲವರ್ಣ ನಮ್ಮ ಬಿಸಿಲಿಗೆ ಕುಂಚ ಎತ್ತುವ ಮೊದಲೇ ಒಣಗಿಬಿಡುತ್ತದೆ. ತೈಲ ಹಾಗಲ್ಲ, ಕಾಯುತ್ತದೆ. ದಿನಕ್ಕೆ ಒಂದೂವರೆ ಗಂಟೆ, ಅದೇ ಜಾಗ, ಅದೇ ಹೊತ್ತು, ಅದೇ ಕ್ಯಾನ್ವಾಸ್. ಎಂಟು ಹತ್ತು ದಿನ ಹೀಗೆ ಹೋಗಿ ಕೂತರೆ ಒಂದು ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಫ್ರಾನ್ಸಿನ ಕ್ಲೋಡ್ ಮೊನೆ 1890–91ರಲ್ಲಿ ಬಣವೆಗಳ ಚಿತ್ರಮಾಲೆ ಮಾಡಿದಾಗ ಹಲವು ಕ್ಯಾನ್ವಾಸುಗಳನ್ನು ಜೊತೆಗೆ ಇಟ್ಟುಕೊಂಡು, ಬೆಳಕು ಬದಲಾದ ಹಾಗೆ ಒಂದು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಹೊತ್ತಿಗೊಂದು ಚಿತ್ರ ಅನ್ನುವ ಲೆಕ್ಕ. ನಮಗೂ ಅದೇ ದಾರಿ. ಬೆಳಗಿಗೆ ಒಂದು ಕ್ಯಾನ್ವಾಸ್, ಸಂಜೆಗೆ ಇನ್ನೊಂದು. ಬೆಳಗಿನದನ್ನು ಸಂಜೆ ಮುಟ್ಟಬಾರದು. ಹೀಗೆ ಬಣ್ಣ ಹೊತ್ತುಕೊಂಡು ಊರು ತಿರುಗಲು ಸಾಧ್ಯವಾಗಿದ್ದೇ ತಗಡಿನ ಟ್ಯೂಬಿನಿಂದ. ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್ 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ಅಲ್ಲಿನವರು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ನಮ್ಮ ಬಿಸಿಲಲ್ಲಿ ಅಂಥ ಚೀಲ ಹೊತ್ತು ನಡೆಯುವುದನ್ನು ಯೋಚನೆ ಮಾಡಿ!

ಈಗ ಬಾದಾಮಿಗೆ ಬರೋಣ. ಅಗಸ್ತ್ಯತೀರ್ಥದ ದಂಡೆ ನನಗೆ ತುಂಬ ಇಷ್ಟದ ಜಾಗ. ಹೊಂಡದ ಮೂಡಣ ದಂಡೆಯಲ್ಲಿ ಭೂತನಾಥ ಗುಡಿ, ಅದರ ಹಿಂದೆ ಕೆಂಪು ಬಂಡೆ. ಬೆಳಿಗ್ಗೆ ಸೂರ್ಯ ಗುಡಿಯ ಹಿಂದಿನಿಂದ ಏರುತ್ತಾನೆ. ಆಗ ಗುಡಿ, ಬಂಡೆ ಎಲ್ಲ ಒಂದೇ ನೀಲಿಗಪ್ಪು ಆಕಾರ, ಅಂಚಿಗೆ ಮಾತ್ರ ಬೆಳಕಿನ ಗೆರೆ. ಸಂಜೆ ನಾಲ್ಕೂವರೆ ಆದಮೇಲೆ ಪಡುವಣದ ಬಿಸಿಲು ನೇರ ಗುಡಿಯ ಮುಖಕ್ಕೆ ಬೀಳುತ್ತದೆ. ಆಗ ನೋಡಬೇಕು ಆ ಬಂಡೆಯನ್ನು.

ಬಿಸಿಲು ಬಿದ್ದ ಭಾಗವನ್ನು ಯಾರಾದರೂ ಬರೆದಾರು. ಯೆಲ್ಲೋ ಆಕರ್ ಅನ್ನುವ ಮಣ್ಣಿನ ಹಳದಿ, ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು, ಸ್ವಲ್ಪ ಬಿಳಿ ಸೇರಿಸಿದರೆ ಅದರ ಹತ್ತಿರ ಬರುತ್ತದೆ. ಕೆಲಸ ಇರುವುದು ನೆರಳಿನಲ್ಲಿ. ಹೊಸಬರು ನೆರಳಿಗೆ ಕಪ್ಪು ಬೆರೆಸುತ್ತಾರೆ, ಬಂಡೆ ಸತ್ತುಹೋಗುತ್ತದೆ. ಕಣ್ಣು ಕಿರಿದು ಮಾಡಿ ಒಂದು ಬಿರುಕಿನೊಳಗೆ ನೋಡಿ. ನೆರಳಿನಲ್ಲೇ ಇರುವ, ಆದರೆ ಮೇಲ್ಮುಖವಾಗಿರುವ ಕಲ್ಲಿನ ಮೇಲೆ ಆಕಾಶದ ನೀಲಿ ಇಳಿದಿರುತ್ತದೆ. ಅದರ ಪಕ್ಕದಲ್ಲೇ, ಕೆಳಮುಖವಾಗಿ ಚಾಚಿದ ಕಲ್ಲಿಗೆ ಎದುರಿನ ಬಂಡೆಯ ಕೆಂಪು ಬೆಳಕು ತಾಗಿ ಒಳಗೆ ದೀಪ ಇಟ್ಟ ಹಾಗೆ ಕಾಣುತ್ತದೆ. ಒಂದೇ ನೆರಳು, ಗೇಣು ಜಾಗದಲ್ಲಿ ಎರಡು ಬಣ್ಣ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ ಎರಡನ್ನೇ ಇಟ್ಟುಕೊಂಡು, ಒಮ್ಮೆ ಇದು ಜಾಸ್ತಿ, ಒಮ್ಮೆ ಅದು ಜಾಸ್ತಿ ಮಾಡುತ್ತಾ ಹೋದರೆ ಈ ಎರಡೂ ಸಿಗುತ್ತವೆ. ನೀರಿನಲ್ಲಿ ಕಾಣುವ ಬಿಂಬಕ್ಕೂ ಒಂದು ಮಾತು: ಬೆಳಗಿದ ಬಂಡೆಯ ಬಿಂಬ ಬಂಡೆಗಿಂತ ಸ್ವಲ್ಪ ಗಾಢ, ಕತ್ತಲ ಬಿರುಕಿನ ಬಿಂಬ ಬಿರುಕಿಗಿಂತ ಸ್ವಲ್ಪ ತಿಳಿ.

ಅಲ್ಲಿ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಒಂದು ದಿನ ನನ್ನ ಬೆನ್ನ ಹಿಂದೆ ಬಂದು ನಿಂತರು. ಸುಮ್ನೆ ನೋಡಿದರು. ಆಮೇಲೆ, "ಇದು ಐದರ ಬಿಸಲು ಅಲ್ರೀ? ಇನ್ನಾ ಕಲ್ಲಿನ ಕಾಲಿಗೆ ನೆಳ್ಳು ಬಂದಿಲ್ಲ" ಅಂದರು. ಅವರಿಗೆ ಆ ಬಂಡೆಯೇ ಗಡಿಯಾರ. ನನಗೆ ಅದಕ್ಕಿಂತ ದೊಡ್ಡ ಶಾಭಾಸ್‌ಗಿರಿ ಬೇಡ.

ನಡುಹಗಲಲ್ಲಿ ಮಾತ್ರ ಬಯಲಿಗೆ ಹೋಗಬೇಡಿ. ಮೈಗೆ ಆಗುವುದಿಲ್ಲ ಅನ್ನುವುದು ಒಂದು, ಚಿತ್ರಕ್ಕೂ ಆಗುವುದಿಲ್ಲ. ಮೇ ಮೊದಲ ವಾರದ ಸುಮಾರಿಗೆ ಬಾದಾಮಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ನೆರಳಿಲ್ಲ ಅಂದರೆ ಬಂಡೆಗೆ ಮೈಕಟ್ಟೇ ಇಲ್ಲ, ಎಲ್ಲ ಚಪ್ಪಟೆ. ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ನಾಲ್ಕೂವರೆಯಿಂದ ಹೊತ್ತು ಮುಳುಗುವ ತನಕ. ಅಷ್ಟೇ ಸಾಕು.

ಇನ್ನೊಂದು ಮುಖ್ಯ ಮಾತು. ಕ್ಯಾನ್ವಾಸ್ ಮತ್ತು ಬಣ್ಣ ಬೆರೆಸುವ ಪ್ಯಾಲೆಟ್ ಎರಡೂ ನೆರಳಲ್ಲಿ ಇರಬೇಕು. ಬಿಳಿ ಕ್ಯಾನ್ವಾಸ್ ಮೇಲೆ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ. ಆ ಝಳದಲ್ಲಿ ಹಚ್ಚಿದ ಬಣ್ಣ ಸರಿಯಾಗಿದೆ ಅನಿಸುತ್ತದೆ, ಮನೆಗೆ ತಂದು ಗೋಡೆಗೆ ಆನಿಸಿದರೆ ಮಂಕು ಕವಿದಿರುತ್ತದೆ. ಅದಕ್ಕೇ ಹಿಂದಿನ ದಿನವೇ ಬರ್ಂಟ್ ಸಿಯೆನ್ನಾವನ್ನು ಟರ್ಪಂಟೈನ್‌ನಲ್ಲಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಒರೆಸಿಟ್ಟರೆ ಒಳ್ಳೆಯದು. ಕೊಡೆ ಹಿಡಿಯುವುದಾದರೆ ಕರಿ ಕೊಡೆಯೇ ಇರಲಿ. ಬಣ್ಣದ ಕೊಡೆಯಾದರೆ ಅದರ ಬಣ್ಣ ನಿಮ್ಮ ಚಿತ್ರದ ಮೇಲೆಲ್ಲ ಬೀಳುತ್ತದೆ.

ಬಣ್ಣಗಳ ವಿಷಯ ಬಂದಾಗ ನನಗೆ ಪ್ರತಿ ಸಲವೂ ಖುಷಿ ಕೊಡುವ ಸಂಗತಿ ಒಂದಿದೆ. ಬಾದಾಮಿಯ ಮರಳುಗಲ್ಲು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ನಮ್ಮ ಟ್ಯೂಬಿನಲ್ಲಿರುವ ಯೆಲ್ಲೋ ಆಕರ್, ಬರ್ಂಟ್ ಸಿಯೆನ್ನಾ ಕೂಡ ಅದೇ ಕಬ್ಬಿಣದ ಬಣ್ಣಗಳು. ಹಳದಿ ಕಾವಿಮಣ್ಣನ್ನು ಸುಟ್ಟರೆ ಅದರೊಳಗಿನ ನೀರಿನಂಶ ಹೋಗಿ ಕೆಂಪಾಗುತ್ತದೆ. ಅಂದರೆ ಬಂಡೆಯನ್ನು ನಾವು ಬಂಡೆಯ ಬಣ್ಣದಿಂದಲೇ ಬರೆಯುತ್ತಿದ್ದೇವೆ. ಇದೇ ಊರಿನ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಚಾಲುಕ್ಯ ಮಂಗಳೇಶನದ್ದು. ಆ ಗುಹೆಯ ಸೂರಿನ ಅಡಿಯಲ್ಲಿ ಹಳೆಯ ವರ್ಣಚಿತ್ರಗಳ ಕುರುಹು ಇನ್ನೂ ಉಳಿದಿದೆ. ಬಾದಾಮಿಗೆ ಹೋದವರು ಮೂರ್ತಿ ನೋಡಿ ಬರುತ್ತಾರೆ, ತಲೆ ಎತ್ತಿ ಆ ಬಣ್ಣ ನೋಡುವವರು ಕಡಿಮೆ. ದಯವಿಟ್ಟು ನೋಡಿ. ಹಾಂ, ಸ್ಮಾರಕದ ಆವರಣದೊಳಗೆ ಈಸೆಲ್ ಇಡುವ ಮುಂಚೆ ಅಲ್ಲಿನ ಸಿಬ್ಬಂದಿಯನ್ನು ಕೇಳಿಕೊಳ್ಳಬೇಕು.

ಬಣ್ಣಕ್ಕೆ ಬೆರೆಸುವ ಎಣ್ಣೆಯೂ ನಮಗೆ ಹೊಸದಲ್ಲ. ಲಿನ್‌ಸೀಡ್ ಆಯಿಲ್ ಅಂತ ಪೇಟೆಯಲ್ಲಿ ಕೊಳ್ಳುವುದು ಅಗಸಿ ಎಣ್ಣೆ. ರೊಟ್ಟಿ ಜೊತೆ ಹಚ್ಚಿಕೊಳ್ಳುವ ಅಗಸಿ ಹಿಂಡಿ ಇದೆಯಲ್ಲ, ಅದೇ ಅಗಸಿ. ಆದರೆ ಗಾಣದ ಎಣ್ಣೆಯನ್ನು ಹಾಗೇ ಬಳಸಬೇಡಿ, ಅದರಲ್ಲಿ ಅಂಟಿನಂಶ ಇರುತ್ತದೆ. ಚಿತ್ರಕ್ಕೆಂದೇ ಶುದ್ಧ ಮಾಡಿದ್ದನ್ನು ತನ್ನಿ. ಈ ಎಣ್ಣೆ ನೀರಿನ ಹಾಗೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಸೆಕೆಗೆ ಆ ಕೆಲಸ ಬೇಗ ಆಗುತ್ತದೆ. ಅಂಬರ್ ಅನ್ನುವ ಕಂದು ಬಣ್ಣ ಹಚ್ಚಿದ ತೆಳು ಪದರ ಬೇಗ ಬಿಗಿಯುತ್ತದೆ, ಟೈಟಾನಿಯಂ ಬಿಳಿ ನಿಧಾನ. ಆದ್ದರಿಂದ ಮೊದಲ ದಿನದ ಪದರದಲ್ಲಿ ಟರ್ಪಂಟೈನ್ ಜಾಸ್ತಿ, ಎಣ್ಣೆ ಕಡಿಮೆ ಇರಲಿ. ಮೇಲೆ ಮೇಲೆ ಹೋದಂತೆ ಎಣ್ಣೆ ಹೆಚ್ಚಲಿ. ಇದನ್ನು ತಿರುಗಾಮುರುಗಾ ಮಾಡಿದರೆ ಮೇಲಿನ ಪದರ ಮೊದಲು ಒಣಗಿ, ಅಡಿಯದು ಆಮೇಲೆ ಅಲುಗಾಡಿ, ಬೇಸಿಗೆಯ ಎರೆಹೊಲದಂತೆ ಚಿತ್ರ ಬಿರಿಯುತ್ತದೆ.

ಇದನ್ನು ಮಾತ್ರ ಕಿವಿಗೊಟ್ಟು ಕೇಳಿ. ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಚೀಲದಲ್ಲೋ ಮೂಲೆಯಲ್ಲೋ ಬಿಡಬೇಡಿ. ಅಗಸಿ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲದೆ ಅರಿವೆ ತಾನಾಗಿ ಹೊತ್ತಿಕೊಳ್ಳಬಹುದು. ಕಡ್ಡಿ ಗೀರುವುದೇ ಬೇಡ. ಅವನ್ನು ಮನೆಯ ಹೊರಗೆ, ಕಲ್ಲಿನ ಮೇಲೆ ಬಿಡಿಸಿ ಒಣಗಲು ಹಾಕಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಟರ್ಪಂಟೈನ್ ಬಾಟಲಿಯನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ.

ಗಾಳಿಗೆ ಈಸೆಲ್ ಹಾರದಂತೆ ನಡುವೆ ಕಲ್ಲಿನ ಚೀಲ ತೂಗುಹಾಕಿ. ಹಸಿ ಬಣ್ಣಕ್ಕೆ ದೂಳು ಕೂತರೆ ಆಗಲೇ ತೀಡಬೇಡಿ, ಒಣಗಿದ ಮೇಲೆ ಮೆತ್ತನೆ ಕುಂಚದಿಂದ ಕೊಡವಿದರೆ ಹೋಗುತ್ತದೆ. ಬಾದಾಮಿಯಲ್ಲಿ ಮಂಗಗಳು ಜಾಸ್ತಿ. ಟ್ಯೂಬು, ತಿಂಡಿ ಎರಡನ್ನೂ ಚೀಲದ ಬಾಯಿ ಕಟ್ಟಿ ಇಡಬೇಕು.

ಬಾದಾಮಿಯೇ ಆಗಬೇಕು ಅಂತಿಲ್ಲ. ಬೇಸಿಗೆಯಲ್ಲಿ ಮಲಪ್ರಭೆ ಸೊರಗಿ ಮರಳು ತೆರೆದುಕೊಂಡಿರುತ್ತದೆ. ವಿಜಯಪುರ ಕಡೆ ನೇಗಿಲು ಹೊಡೆದ ಎರೆಹೊಲ ಮಧ್ಯಾಹ್ನ ಬೂದಿ ಬಣ್ಣ, ಸಂಜೆ ನೇರಳೆ. ಹಸಿರಿಲ್ಲದ ಈ ನೆಲದಲ್ಲಿ ಬಣ್ಣವಿಲ್ಲ ಅನ್ನುವವರನ್ನು ಒಂದು ಸಂಜೆ ಆ ಹೊಲದ ಬದುವಿನ ಮೇಲೆ ಕೂರಿಸಬೇಕು. ನಮ್ಮ ಸೀಮೆಯಲ್ಲಿ ಒಳ್ಳೆಯ ಗುರುಗಳಿಗೂ ಕೊರತೆ ಇರಲಿಲ್ಲ. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ಇದ್ದರು, ರವಿ ಪರಾಂಜಪೆಯಂಥ ಚಿತ್ರಕಾರರು ಅವರ ಹತ್ತಿರ ಕಲಿತರು. ಈಗಿನ ಹುಡುಗರು ಫೋನಿನಲ್ಲಿ ಫೋಟೋ ಹೊಡೆದು ಮನೆಯಲ್ಲಿ ಬರೆಯುತ್ತಾರೆ. ಫೋಟೋದಲ್ಲಿ ನೆರಳು ಬಹಳ ಸಲ ಕಪ್ಪಾಗಿ ಬರುತ್ತದೆ, ಆ ಎರಡು ಬಣ್ಣ ಅದರಲ್ಲಿ ಸಿಗುವುದು ಕಷ್ಟ.

ಭರಣಿ, ಕೃತ್ತಿಕೆಯ ಅಡ್ಡಮಳೆ ಶುರುವಾದರೆ ಆಕಾಶ ಕೆಡುತ್ತದೆ, ಆಗ ಒಳಗೆ ಬನ್ನಿ. ಮುಗಿದ ಚಿತ್ರಗಳನ್ನು ಟ್ರಂಕಿನಲ್ಲಿ ಮುಚ್ಚಿಡಬೇಡಿ, ಕತ್ತಲಲ್ಲಿ ಅಗಸಿ ಎಣ್ಣೆ ಹಳದಿಗಟ್ಟುತ್ತದೆ. ಬೆಳಕಿರುವ ಗೋಡೆಗೆ ತೂಗುಹಾಕಿ. ನೇರ ಬಿಸಿಲು ಬೇಡ. ವಾರ್ನಿಶ್‌ಗೆ ಅವಸರ ಮಾಡಬೇಡಿ. ಬಣ್ಣ ದಪ್ಪಗಿದ್ದರೆ ಒಳಗೆಲ್ಲ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಈ ಬೇಸಿಗೆಯ ಚಿತ್ರಗಳಿಗೆ ಬರುವ ಯುಗಾದಿ ಹೊತ್ತಿಗೆ ವಾರ್ನಿಶ್ ಹಚ್ಚಬಹುದು. ನಮಸ್ಕಾರ.